ಹಳೆ ಮನೆ ಮಾರೋದಾದ್ರೆ ಮಳೆಯಲ್ಲೇ ತೋರಿಸಿ

ಕುಮಟೆಯ ನಮ್ಮ ಮನೆ ಮಾರುವುದು ಅಂತ ನಾನೂ ಅಕ್ಕನೂ ಸೇರಿ ತೀರ್ಮಾನ ಮಾಡಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. "ಮಳೆ ಮುಗೀಲಿ. ದೀಪಾವಳಿ ಹೊತ್ತಿಗೆ ಬಣ್ಣ ಹೊಡೆಸಿ, ಆಮೇಲೆ ಜನ ಕರೆಸಿ." ನಾವು ಜುಲೈಯಲ್ಲೇ ತೋರಿಸಿದೆವು. ಕರಾವಳಿಯಲ್ಲಿ ಹಂಚಿನ ಮನೆ ಮಾರುವವರೆಲ್ಲ ಹೀಗೇ ಮಾಡಬೇಕು ಅಂತ ನನಗೆ ಅನಿಸುತ್ತದೆ.

ನಮ್ಮ ಕಡೆ ಮನೆ ಕೊಳ್ಳಲು ಬರುವವರು ಏನೇ ಕೇಳಲಿ, ಒಳಗೆ ಇರುವ ಪ್ರಶ್ನೆ ಒಂದೇ. ಸೋರುತ್ತದಾ? ಡಿಸೆಂಬರಿನಲ್ಲಿ ಯಾವ ಮನೆಯೂ ಸೋರುವುದಿಲ್ಲ. ಹೊಸ ಬಣ್ಣದ ವಾಸನೆ ಬಂತು ಅಂದರೆ ತಿಳಿದವರಿಗೆ ಅನುಮಾನವೇ ಜಾಸ್ತಿ. ಅದೇ ಹೊರಗೆ ಮಳೆ ಹೊಡೆಯುವಾಗ ಜಗಲಿಯಲ್ಲಿ ಕೂತು ಚಹಾ ಕುಡಿದವರಿಗೆ ನಾವು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ.

ಆದರೆ ಜುಲೈಗೆ ತಯಾರಿ ಏಪ್ರಿಲ್‌ನಲ್ಲೇ ಶುರುವಾಗಬೇಕು. ಮೊದಲು ಮನೆಯ ಮಾಡು, ಅಂದರೆ ಛಾವಣಿ. ಹಂಚು ಕೈಯಾಡಿಸುವವರನ್ನು ಕರೆಸಿ, ಒಡೆದದ್ದು, ಬಿರುಕು ಬಿಟ್ಟದ್ದು ಎಲ್ಲ ಬದಲಿಸಿದೆವು. ಹಂಚು ತೆಗೆದಾಗಲೇ ಅದನ್ನು ಹೊರುವ ಮರದ ರೀಪು, ಪಕಾಸು ನೋಡಿಕೊಳ್ಳಬೇಕು. ಒರಲೆ (ಗೆದ್ದಲು) ಹಿಡಿದದ್ದನ್ನು ತೆಗೆಸಿ, ಉಳಿದದ್ದಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಬಳಿಸಿದೆವು. ಹೊಸ ಹಂಚು ಹಳೆಯದರ ಪಕ್ಕ ಬೇರೆಯಾಗಿ ಕಾಣುತ್ತದೆ, ಕಾಣಲಿ. ರಿಪೇರಿ ಆಗಿದೆ ಅಂತ ಅದೇ ಹೇಳುತ್ತದೆ. ಅಡಿಗೆಮನೆಯ ಎರಡು ಗಾಜಿನ ಹಂಚು ಹೊಗೆ ಹಿಡಿದು ಕಪ್ಪಾಗಿದ್ದವು. ತೊಳೆದು ಕೂರಿಸಿದ್ದೇ ತಡ, ಮೋಡದ ದಿನವೂ ಒಲೆಕಟ್ಟೆ ತನಕ ಬೆಳಕು ಬಂತು.

ಗೋಡೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮದು ಚಿರೆಕಲ್ಲಿನ ಗೋಡೆ. ಆ ಕಲ್ಲಿನಲ್ಲಿ ಸಣ್ಣ ಸಣ್ಣ ತೂತು ತುಂಬಾ, ನೆಲದ ತೇವ ಮೇಲಕ್ಕೆ ಹತ್ತುತ್ತದೆ. ಒಣಗುವಾಗ ಅದು ಹೊರಗೆ ಬರಲೇಬೇಕು. ಸುಣ್ಣ ಹಚ್ಚಿದ ಗೋಡೆಯಲ್ಲಿ ಅದಕ್ಕೆ ದಾರಿ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ನಿಂತು, ಬಣ್ಣ ಗುಳ್ಳೆ ಎದ್ದು ಹಾಳೆಹಾಳೆಯಾಗಿ ಉದುರುತ್ತದೆ. ಗಾರೆಯ ಮೇಲೆ ಉಪ್ಪು ಬಿಳಿ ಪುಡಿಯಾಗಿ ಏಳುತ್ತದೆ. ಮಾರುವ ಮುಂಚೆ ಚೆಂದ ಕಾಣಲಿ ಅಂತ ಹೀಗೆ ಪೇಂಟ್ ಮಾಡಿಸುವುದು ಕೊಳ್ಳುವವರಿಗೆ ಮಾಡುವ ಮೋಸ. ನಾವು ಬಿಸಿಲಿದ್ದಾಗಲೇ ಹಳೇ ಬಣ್ಣ ಕೆರೆಸಿ, ಗೋಡೆ ಒಣಗಲು ಬಿಟ್ಟು, ಮೇ ತಿಂಗಳಲ್ಲಿ ಸುಣ್ಣ ಹೊಡೆಸಿದೆವು. ಪಡುವಣ ಗೋಡೆಗೆ ಮೊದಲೆಲ್ಲ ಅಪ್ಪ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಗಾಳಿ ಮಳೆಯೆಲ್ಲ ಹೊಡೆಯುವುದು ಅದೇ ಕಡೆಯಿಂದ ಅಲ್ವಾ. ಈ ಸಲವೂ ತಟ್ಟಿ ಕಟ್ಟಿಸಿದೆವು. ಬಂದವರಲ್ಲಿ ಕೆಲವರು ಅದೇನು ಅಂತ ಕೇಳಿದರು. ಕೇಳಿದ್ದೇ ಒಳ್ಳೆಯದಾಯಿತು, ಮನೆಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹೇಳಲು ಅವಕಾಶ ಸಿಕ್ಕಿತು. ಉತ್ತರದ ಕೋಣೆಯಲ್ಲಿ ಮೊಣಕಾಲಿನ ಎತ್ತರಕ್ಕೆ ತೇವ ಇತ್ತು. ಅಲ್ಲಿ ಕಪಾಟು ಸರಿಸಿ ಮುಚ್ಚಲಿಲ್ಲ. ಕೈಯಿಟ್ಟು ನೋಡಿ ಅಂತ ನಾವೇ ತೋರಿಸಿದೆವು.

ನೆಲಕ್ಕೆ ಟೈಲ್ಸ್ ಹಾಕಿಸಿ, ರೇಟು ಬರುತ್ತದೆ ಅಂದವರೂ ಇದ್ದರು. ಹಾಕಿಸಲಿಲ್ಲ. ಕೆಂಪು ಸಿಮೆಂಟಿನ ನೆಲವನ್ನು ತೊಳೆದು ಒರೆಸಿ, ಬಟ್ಟೆಯಲ್ಲಿ ಸ್ವಲ್ಪವೇ ತೆಂಗಿನೆಣ್ಣೆ ತಗೊಂಡು ಉಜ್ಜಿದೆವು. ಬೆಂಗಳೂರಿಂದ ಬಂದವರು ಚಪ್ಪಲಿ ಬಿಟ್ಟು ಆ ನೆಲದ ಮೇಲೇ ಕೂತರು.

ಮುಚ್ಚಿಟ್ಟ ಮನೆಯಲ್ಲಿ ಬೂಸಲು ವಾಸನೆ ಬರುತ್ತದೆ. ಅದಕ್ಕೆ ಊದುಬತ್ತಿ ಉಪಾಯವಲ್ಲ. ಜನ ಇರಬೇಕು, ಅಡಿಗೆ ಆಗಬೇಕು, ಬಚ್ಚಲ ಒಲೆಗೆ ಬೆಂಕಿ ಬೀಳಬೇಕು. ಅಕ್ಕ ಜೂನ್‌ನಿಂದಲೇ ಅಲ್ಲಿ ಹೋಗಿ ಉಳಿದಳು. ನಾನು ರಜೆ ಸಿಕ್ಕಾಗೆಲ್ಲ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಹೋಗುತ್ತಿದ್ದೆ. ಅಂಗಳದ ಹಾವಸೆಯನ್ನು ದಿನಾ ತಿಕ್ಕಬೇಕಿತ್ತು, ಬಂದವರು ಜಾರಿ ಬೀಳಬಾರದಲ್ಲ.

ಮಳೆಗಾಲದಲ್ಲಿ ತೋರಿಸಲಾಗದ್ದು ಒಂದೇ, ಬಾವಿ. ಜುಲೈಯಲ್ಲಿ ಎಲ್ಲರ ಬಾವಿಯೂ ತುಂಬಿರುತ್ತದೆ. ಆದರೆ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಅದಕ್ಕೇ ಮೇ ಕೊನೆಯಲ್ಲಿ ನೀರು ಸೇದುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟಿದ್ದೆವು. ನಂಬಿಕೆ ಬರದಿದ್ದರೆ ಆಚೀಚೆ ಮನೆಯವರನ್ನು ಕೇಳಿ ಅಂದೆವು. ಕೇಳಿದರು ಕೂಡ.

ಕಾಗದಪತ್ರವೂ ಮನೆಯ ಸಿಂಗಾರವೇ. ಪುರಸಭೆ ವ್ಯಾಪ್ತಿಯಾದರೆ ಇ-ಖಾತೆ, ಪಂಚಾಯತಿಯಾದರೆ ಇ-ಸ್ವತ್ತಿನ ಆಸ್ತಿ ದಾಖಲೆ. ಇವಿಲ್ಲದೆ ಈಗ ನೋಂದಣಿ ಮುಂದೆ ಹೋಗುವುದಿಲ್ಲ. ಅಪ್ಪನ ಹೆಸರಲ್ಲಿದ್ದ ಖಾತೆ ನಮ್ಮ ಹೆಸರಿಗೆ ಆಗಬೇಕಿತ್ತು, ಅದಕ್ಕೇ ಹೆಚ್ಚು ಸಮಯ ಹಿಡಿಯಿತು. ಬಿನ್‌ಶೇತ್ಕಿ (ಕೃಷಿಯೇತರ ಜಾಗ ಅನ್ನುವ) ಆದೇಶ, ಋಣಭಾರ ಪತ್ರ, ಕಟ್ಟಿದ ತೆರಿಗೆಯ ರಸೀದಿ ಎಲ್ಲ ಒಂದು ಫೈಲಲ್ಲಿ ಹಾಕಿ ಜಗಲಿಯ ಮೇಜಿನ ಮೇಲೇ ಇಟ್ಟಿದ್ದೆವು. ಸಮುದ್ರ ಹತ್ತಿರ ಇದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವಿಷಯ ನೀವೇ ಮೊದಲು ಹೇಳಿ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗ ಅದರ ನಿಯಮಕ್ಕೆ ಸೇರುತ್ತದೆ. ಹೋಂಸ್ಟೇ ಆಸೆಯಲ್ಲಿ ಬರುವವರಿಗೆ ಇದು ಗೊತ್ತಿರಲೇಬೇಕು. ಇನ್ನು ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ. ಆ ಲೆಕ್ಕ ಹಾಕಿಕೊಂಡೇ ಚೌಕಾಸಿಗೆ ಕೂರುತ್ತಾರೆ.

ಕೊನೆಗೆ ಕೊಂಡವರು ಹುಬ್ಬಳ್ಳಿಯ ಗಂಡ ಹೆಂಡತಿ, ಇಬ್ಬರೂ ನಿವೃತ್ತರು. ಉತ್ತರದ ಕೋಣೆಯ ತೇವಕ್ಕೆ ಅಂತ ಸ್ವಲ್ಪ ಕಡಿಮೆ ಮಾಡಿ ಅಂದರು, ಮಾಡಿದೆವು. ಬೀಗದ ಕೈ ಕೊಡುವಾಗ ಹಂಚು ಕೈಯಾಡಿಸುವವರ ನಂಬರನ್ನೂ ಕೊಟ್ಟು, ಏಪ್ರಿಲ್‌ನಲ್ಲೇ ಫೋನ್ ಮಾಡಿ, ಮೇ ಆದರೆ ಅವರು ಯಾರ ಕೈಗೂ ಸಿಗುವುದಿಲ್ಲ ಅಂತ ಹೇಳಿ ಬಂದೆವು.