ಪೋರ್ಚುಗಲ್‌ಗೆ ಹೋದ ಕಲ್ಲು

ಹೋದ ಭಾನುವಾರ ಬಾಗಲಕೋಟೆಯಿಂದ ಭಾವ ಬಂದಿದ್ದರು, ಜೊತೆಗೆ ಅವರ ಮಗ. ಊರಿಂದ ಯಾರೇ ಮುಂಬೈಗೆ ಬರಲಿ, ನಾನು ತೋರಿಸುವುದು ಒಂದೇ ಜಾಗ. ಗೇಟ್‌ವೇಗೆ ಹೋಗಿ ಲಾಂಚ್ ಹತ್ತುವುದು, ಘಾರಾಪುರಿ ಅಂದರೆ ಎಲಿಫೆಂಟಾ ನೋಡಿ ಬರುವುದು.

ಲಾಂಚ್ ಇನ್ನೂ ಸರಿಯಾಗಿ ಹೊರಟಿರಲಿಲ್ಲ, ಭಾವ ಶುರು ಮಾಡಿದರು. "ಇದು ನಮ್ಮ ಪುಲಕೇಶಿ ಗೆದ್ದ ಊರು ನೋಡ್ರಿ. ಗುಹಾ ಕೊರಿಸಿದವರೂ ನಮ್ಮವರ." ನನ್ನ ಮಗಳು ಹುಟ್ಟಿದ್ದು ಡೊಂಬಿವಲಿಯಲ್ಲಿ, ಓದುವುದು ಇಲ್ಲಿನ ಸ್ಟೇಟ್ ಬೋರ್ಡ್. ನಾಲ್ಕನೇ ಕ್ಲಾಸಿನಲ್ಲಿ ವರ್ಷಪೂರ್ತಿ ಶಿವಾಜಿ ಮಹಾರಾಜರನ್ನು ಓದಿದವಳು ಬಿಡ್ತಾಳಾ? "ಮಾಮಾ, ಇದಿರೋದು ಮಹಾರಾಷ್ಟ್ರದಲ್ಲಿ ಅಲ್ವಾ, ಹಾಗಾದ್ರೆ ನಮ್ದು." ಭಾವನ ಮಗ ಅಪ್ಪನ ಪರ. ನಾನು ಕಡಲಹಕ್ಕಿಗಳಿಗೆ ಚಿಪ್ಸ್ ಎಸೆಯುವವರನ್ನು ನೋಡುತ್ತಾ ಸುಮ್ನೆ ಕೂತೆ.

ನಿಜ ಏನಂದ್ರೆ, ಆ ದೊಡ್ಡ ಗುಹೆಯನ್ನು ಕೊರೆಸಿದ್ದು ಇಂಥವರೇ ಅಂತ ಹೇಳುವ ಶಾಸನ ಅಲ್ಲಿಲ್ಲ. ಒಂದು ಕಾಲಕ್ಕೆ ಒಂದು ಶಾಸನ ಇತ್ತು, ಅದರಲ್ಲಿ ಏನಿತ್ತೋ ಗೊತ್ತಿಲ್ಲ. ಬಾಗಿಲ ಮೇಲಿದ್ದ ಅಕ್ಷರದ ಕಲ್ಲನ್ನು ಪೋರ್ಚುಗೀಸರು ಕಿತ್ತು ತಮ್ಮ ರಾಜನಿಗೆ ಕಳಿಸಿದರು, ಅಲ್ಲಿ ಅದನ್ನು ಓದಬಲ್ಲವರು ಯಾರೂ ಸಿಗಲಿಲ್ಲ ಅಂತ ಅವರದೇ ಇತಿಹಾಸಕಾರ ದಿಯೋಗೊ ದೊ ಕೌಟೊ ಬರೆದಿಟ್ಟಿದ್ದಾನೆ. ಆಮೇಲೆ ಕಲ್ಲಿನ ಪತ್ತೆಯೇ ಇಲ್ಲ. ಕಲ್ಲು ಹೋದ ಮೇಲೆ ಕೇಳಬೇಕೇ, ಚಾಲುಕ್ಯರು, ರಾಷ್ಟ್ರಕೂಟರು, ಕೊಂಕಣದ ಮೌರ್ಯರು ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಈಗ ಜಾಸ್ತಿ ಜನ ಒಪ್ಪುವುದು ಹಳೆಯ ಕಲಚುರಿ ಅರಸರನ್ನು. ಅವರ ಕೃಷ್ಣರಾಜನ ನಾಣ್ಯಗಳು ದ್ವೀಪದಲ್ಲೇ ಸಿಕ್ಕಿವೆ. ಅಂದ್ರೆ ಆರನೇ ಶತಮಾನ, ಭಾವ ಹೇಳುವ ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬರುವ ಮೊದಲು.

ಇದನ್ನು ಹೇಳಿದ್ದಕ್ಕೆ ಭಾವನ ಮುಖ ಸಪ್ಪಗಾಯಿತು. ಆದರೆ ಅವರು ಪೂರ್ತಿ ತಪ್ಪೂ ಅಲ್ಲ. ಅವರ ಜಿಲ್ಲೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನ ಇದೆಯಲ್ಲ, ಶಕ 556, ಅಂದ್ರೆ ಕ್ರಿ.ಶ. 634ರದ್ದು, ಅದರಲ್ಲಿ ಪುಲಕೇಶಿ ಮದಗಜಗಳಂಥ ನೂರಾರು ಹಡಗುಗಳಲ್ಲಿ ಹೋಗಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ಅಂತ ಬರುತ್ತದೆ. ಆ ಪುರಿ ಘಾರಾಪುರಿಯೇ ಅಂತ ಕೆಲವರು, ಅಲ್ಲ, ಜಂಜೀರಾ ಹತ್ತಿರದ ರಾಜಪುರಿ ಅಂತ ಇನ್ನು ಕೆಲವರು.

ಅದೇ ಕಲ್ಲು ಇನ್ನೊಂದು ಮಾತನ್ನೂ ಹೇಳುತ್ತದೆ, ಅದನ್ನು ನಮ್ಮವರು ಭಾಷಣದಲ್ಲಿ ಎತ್ತಿದ್ದು ನಾನಂತೂ ಕೇಳಿಲ್ಲ. ಪುಲಕೇಶಿ 99,000 ಹಳ್ಳಿಗಳಿದ್ದ ಮೂರು ಮಹಾರಾಷ್ಟ್ರಕಗಳ ಒಡೆಯನಾದ. ಅವನ ಕಾಲದಲ್ಲೇ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಅವನ ನಾಡನ್ನು ಕರೆದಿದ್ದು ಮಹಾರಾಷ್ಟ್ರ ಅಂತಲೇ. ಮಗಳು ಚಪ್ಪಾಳೆ ಹೊಡೆದಳು. "ರಾಜಧಾನಿ ಬಾದಾಮಿ, ಮರೀಬ್ಯಾಡ," ಅಂತ ಭಾವನ ಮಗ.

ಇಲ್ಲಿ ನನ್ನದೊಂದು ಮಾತು. ಕಲ್ಲಿನ ಮೇಲಿದೆ ಅಂದ ಕೂಡಲೇ ನಾವು ಕೈಮುಗಿದು ನಂಬುತ್ತೇವೆ, ಆದರೆ ಐಹೊಳೆಯದು ಹೊಗಳಿಕೆಯ ಪದ್ಯ, ನಮ್ಮ ಸರ್ಕಲ್‌ಗಳಲ್ಲಿ ಹಾಕುವ ಫ್ಲೆಕ್ಸ್ ಬೋರ್ಡಿನ ಅಜ್ಜ ಅನ್ನಿ. ಪುಲಕೇಶಿಗೆ ಸೋತ ಉತ್ತರದ ರಾಜ ಹರ್ಷನ ಹರ್ಷ ಇಳಿದುಹೋಯಿತು ಅಂತ ಶ್ಲೇಷೆ ಬೇರೆ. ಸಾಲದ್ದಕ್ಕೆ ರವಿಕೀರ್ತಿ ತನ್ನನ್ನೂ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ತಮಾಷೆ ಅಂದ್ರೆ ಈ ಜಂಬದ ಸಾಲೇ ಇವತ್ತು ಭಾರಿ ಕೆಲಸಕ್ಕೆ ಬರುತ್ತದೆ. ಕಾಳಿದಾಸನ ಕಾಲ ಗೊತ್ತಿಲ್ಲದವರಿಗೆ 634ಕ್ಕಿಂತ ಮೊದಲು ಅನ್ನುವುದಾದರೂ ಗಟ್ಟಿಯಾಯಿತು. ರಾಜನ ಗೆಲುವಿನ ಲೆಕ್ಕಕ್ಕಿಂತ ಇಂಥ ಬಾಯಿತಪ್ಪಿದ ಮಾತುಗಳ ಮೇಲೆ ನನಗೆ ನಂಬಿಕೆ ಜಾಸ್ತಿ.

ಗುಹೆಯಲ್ಲಿ ಮಕ್ಕಳಿಬ್ಬರೂ ಮೂರು ಮುಖದ ಶಿವನನ್ನು ಎರಡು ನಿಮಿಷ ನೋಡಿ, ಹೋದ ಕಲ್ಲಿನ ಜಾಗ ಹುಡುಕೋಕೆ ಬಾಗಿಲಿಗೆ ಓಡಿದರು. ಸಿಗಲಿಲ್ಲ. ಅಷ್ಟರಲ್ಲಿ ಕೋತಿಯೊಂದು ಭಾವನ ಕೈಯಲ್ಲಿದ್ದ ಮೆಕ್ಕೆಜೋಳ ಕಿತ್ತುಕೊಂಡು ಹೋಯಿತು.

ವಾಪಸ್ ಬರುವಾಗ ಮಗಳು ಕೇಳಿದಳು, "ಅಪ್ಪಾ, ಆ ಕಲ್ಲಿನಲ್ಲಿ ಮರಾಠಿ ಇದ್ದಿರಬಹುದಾ, ಕನ್ನಡಾನಾ?"

"ಸಂಸ್ಕೃತ ಇದ್ದಿರಬಹುದು ಕಣಮ್ಮಾ."

ಇಬ್ಬರ ಮುಖವೂ ಒಟ್ಟಿಗೇ ಬಾಡಿತು.