ಸಮುದ್ರದ ಮೀನಿಗೆ ಮೊದಲು ಜಾಗ, ಆಮೇಲೆ ಬಣ್ಣ

ಉಪ್ಪುನೀರಿನ ಟ್ಯಾಂಕಿಗೆ ಮೀನು ಆರಿಸುವವರು "ಇದು ಅದರ ಜೊತೆ ಹೊಂದುತ್ತಾ?" ಎಂದು ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ: ಅದು ರಾತ್ರಿ ಎಲ್ಲಿ ಮಲಗುತ್ತದೆ? ಹವಳದ ದಿಬ್ಬಗಳ ಮೀನುಗಳು ಜಗಳವಾಡುವುದು ಹೆಚ್ಚಾಗಿ ಜಾಗಕ್ಕೆ. ಒಂದು ಬಿರುಕು, ಒಂದು ಪೊಟರೆ, ಕಲ್ಲಿನ ಕೆಳಗೊಂದು ಬಿಲ. ಅದು ತನ್ನದು ಎಂದಾದ ಮೇಲೆ ಹತ್ತಿರ ಸುಳಿದವರನ್ನೆಲ್ಲ ಅಟ್ಟುತ್ತವೆ. ಸಮುದ್ರದಲ್ಲಾದರೆ ಸೋತ ಮೀನು ಬೇರೆ ಕಡೆ ಹೋಗಿ ಬದುಕಿಕೊಳ್ಳುತ್ತದೆ. ಗಾಜಿನ ನಾಲ್ಕು ಗೋಡೆಯೊಳಗೆ ಅದು ಮೂಲೆ ಹಿಡಿದು, ತಿನ್ನುವುದು ಬಿಟ್ಟು, ಸಾಯುತ್ತದೆ.

ಮಡಿಕೇರಿಯ ನಮ್ಮ ಮನೆಯ ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 250 ಲೀಟರ್ ಅಂದರೂ ಕಲ್ಲು, ಮರಳು ಕಳೆದರೆ ಉಳಿಯುವ ನೀರು 200ರ ಆಸುಪಾಸು. ಇಷ್ಟರಲ್ಲಿ ಎಷ್ಟು ಮೀನು ಎಂಬುದಕ್ಕಿಂತ ಯಾವ ಮಟ್ಟದಲ್ಲಿ ಯಾವ ಮೀನು ಎಂದು ಯೋಚಿಸುವುದು ಸರಿ. ನಮ್ಮ ತೋಟದಲ್ಲಿ ಮೇಲೆ ಸಿಲ್ವರ್ ಓಕ್, ಅದರ ಮೈಗೆ ಮೆಣಸಿನ ಬಳ್ಳಿ, ನೆರಳಿಗೆ ಕಾಫಿ, ಬುಡದಲ್ಲಿ ಏಲಕ್ಕಿ ಇದ್ದ ಹಾಗೆ ಟ್ಯಾಂಕಿಗೂ ಮೇಲು, ನಡು, ತಳ ಇದೆ. ತಳದ ಮರಳಿಗೆ ಒಂದು ಗೋಬಿ ಮೀನು, ಕಲ್ಲಿನ ಮೈಗೆ ಒಂದು ಬ್ಲೆನಿ, ನಡುನೀರಿಗೆ ಒಂದು ಫೈರ್‌ಫಿಶ್ ಮತ್ತು ಒಂದು ಬಂಗಾಯ್ ಕಾರ್ಡಿನಲ್, ಬಲಮೂಲೆಯ ಲೆದರ್ ಎಂಬ ಮೆತ್ತನೆಯ ಹವಳಕ್ಕೆ ಕ್ಲೌನ್ ಜೋಡಿ. ನಮ್ಮಲ್ಲಿರುವ ಮೀನು ಇಷ್ಟೇ.

ಕ್ಲೌನ್ ಮೀನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹೊಸಬರೆಲ್ಲ ಮೊದಲು ತರುವುದು ಅದನ್ನೇ. ಮರಿಯಾಗಿದ್ದಾಗ ಅದು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಎರಡನೆಯದು ಗಂಡಾಗುತ್ತದೆ, ಉಳಿದವು ಮರಿಗಳಾಗಿಯೇ ಇರುತ್ತವೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನನಗೆ ಇದನ್ನು ಕಣ್ಣೆದುರೇ ನೋಡುವುದು ಇವತ್ತಿಗೂ ಸೋಜಿಗ. ಅಂಗಡಿಯಲ್ಲಿ ಇದರ ಉಪಯೋಗವೂ ಇದೆ. ಒಂದೇ ಗಾತ್ರದ ಎರಡು ಬೆಳೆದ ಮೀನು ತಂದರೆ ಎರಡೂ ಹೆಣ್ಣಾಗಿರಬಹುದು. ಆಗ ರಾಜಿ ಎಂಬುದಿಲ್ಲ. ಒಂದು ಸಣ್ಣದು, ಇನ್ನೊಂದು ಕಣ್ಣಿಗೆ ಕಾಣುವಷ್ಟು ದೊಡ್ಡದು ಇರುವ ಎಳೆಯ ಜೋಡಿ ತನ್ನಿ. ಸಣ್ಣದು ದೊಡ್ಡದರ ಎದುರು ಮೈ ವಾಲಿಸಿ ನಡುಗಿದರೆ ಗಾಬರಿ ಬೇಡ, ಅದು ಶರಣಾದ ಗುರುತು. ಓಸೆಲ್ಲಾರಿಸ್ ಎಂಬ ಜಾತಿಯ ಕ್ಲೌನ್ ತಂದರೆ ಅದೇ ಜಾತಿಯ ಜೋಡಿ ಇರಲಿ, ಮರೂನ್ ಕ್ಲೌನ್ ಅದರ ಜೊತೆ ಬೇಡವೇ ಬೇಡ. ಸಮುದ್ರದಲ್ಲಿ ಆಸರೆ ಪಡೆಯುವ ಅನಿಮೋನ್ ಎಂಬ ಹೂವಿನಂಥ ಜೀವಿ ಇಲ್ಲದೆಯೂ ಇವು ಚೆನ್ನಾಗಿ ಬದುಕುತ್ತವೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಸಿಕ್ಕರೆ ಅದನ್ನೇ ಆರಿಸಿ. ಕಾಳುಮೇವು ತಿಂದು ಅಭ್ಯಾಸವಿರುತ್ತದೆ, ಸಮುದ್ರದಿಂದ ಒಂದು ಮೀನು ಕಡಿಮೆಯಾಗುವುದೂ ತಪ್ಪುತ್ತದೆ. ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳೇ ರೂಢಿಸಿದ್ದಾರೆ.

ತೊಟ್ಟಿಯಲ್ಲೇ ಹುಟ್ಟಿದ್ದನ್ನು ಆರಿಸಿ ಎಂಬ ಮಾತು ಬಂಗಾಯ್ ಕಾರ್ಡಿನಲ್‌ಗೂ ಸಲ್ಲುತ್ತದೆ, ಇನ್ನೂ ಜೋರಾಗಿ. ಇಂಡೊನೇಷ್ಯಾದ ಸುಲಾವೆಸಿ ಪಕ್ಕದ ಬಂಗಾಯ್ ದ್ವೀಪಗಳೇ ಅದರ ತವರು. ಅಕ್ವೇರಿಯಂ ವ್ಯಾಪಾರಕ್ಕೆಂದು ಹಿಡಿದೂ ಹಿಡಿದೂ ಅದು ಅಳಿವಿನ ಅಂಚಿಗೆ ಬಂದಿದೆ. ಗಂಡೇ ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು ಮರಿ ಮಾಡುವ ಮೀನು ಅದು. ಗುಂಪಾಗಿ ತಂದರೆ ಬೆಳೆದ ಮೇಲೆ ಒಂದು ಜೋಡಿ ಕೂಡಿಕೊಂಡು ಉಳಿದವನ್ನು ಹಿಂಸಿಸುತ್ತದೆ. ಒಂದು ಸಾಕು, ಇಲ್ಲವೇ ಖಾತ್ರಿಯಾದ ಜೋಡಿ.

ನನಗೆ ಎಲ್ಲಕ್ಕಿಂತ ಇಷ್ಟ ಹಳದಿ ವಾಚ್‌ಮನ್ ಗೋಬಿ ಮತ್ತು ಅದರ ಪಿಸ್ತೂಲ್ ಸೀಗಡಿ. ಸೀಗಡಿಗೆ ದೃಷ್ಟಿ ತೀರಾ ಮಂದ. ಅದು ಬಿಲ ತೋಡಿ ಮರಳು ಹೊರಗೆ ತಳ್ಳುತ್ತಿರುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಹೊರಗೆ ಬಂದಾಗ ಸೀಗಡಿಯ ಒಂದು ಮೀಸೆ ಸದಾ ಗೋಬಿಯ ಮೈಮೇಲಿರುತ್ತದೆ. ಗೋಬಿ ಬಾಲ ಅದುರಿಸಿತೋ, ಎರಡೂ ಒಳಗೆ. ಇಂಥ ಜೋಡಿ ಇದ್ದರೆ ಬೇರೆ ಯಾವ ಮೀನಿಗೂ ತೊಂದರೆಯಿಲ್ಲ, ಅವಕ್ಕೆ ಬೇಕಾದ್ದು ಬಿಲ ತೋಡುವಷ್ಟು ಮರಳು. ಆದರೆ ಕಲ್ಲುಗಳನ್ನು ಮರಳಿನ ಮೇಲೆ ಇಡಬೇಡಿ, ನೇರ ಗಾಜಿನ ತಳದ ಮೇಲೆ ಕೂರಿಸಿ ಆಮೇಲೆ ಮರಳು ಸುರಿಯಿರಿ. ಸೀಗಡಿ ಅಡಿ ತೋಡಿದರೆ ಇಡೀ ಕಲ್ಲುರಾಶಿ ಕುಸಿಯುತ್ತದೆ.

ಗೋಣಿಕೊಪ್ಪಲಿನಲ್ಲಿರುವ ನನ್ನ ತಮ್ಮನ ಮಗ ಈಗ ಹೊಸ ಟ್ಯಾಂಕ್ ಹೂಡಿದ್ದಾನೆ. ದಿನಾ ಒಂದು ಫೋಟೊ ಕಳಿಸುತ್ತಾನೆ. "ಅತ್ತೆ, ಈ ನೀಲಿ ಟ್ಯಾಂಗ್ ಹಾಕ್ಲಾ?" ಬೇಡ ಮಗ. ಅಂಗಡಿಯಲ್ಲಿ ಬೆರಳುದ್ದ ಇರುವ ಅದು ಒಂದು ಅಡಿಯವರೆಗೆ ಬೆಳೆಯುತ್ತದೆ, ಹಗಲೆಲ್ಲ ಈಜುವ ಮೀನು, ನಾಲ್ಕು ಅಡಿಯ ಗಾಜು ಅದಕ್ಕೆ ಸೆರೆಮನೆ. ನೀಲಿ ಡ್ಯಾಮ್ಸೆಲ್ ಅಗ್ಗ, ಗಟ್ಟಿ, ನಿಜ; ಆದರೆ ಎರಡು ಇಂಚಿನ ಆ ಮೀನು ಅರ್ಧ ಟ್ಯಾಂಕ್ ತನ್ನದೆನ್ನುತ್ತದೆ, ಆಮೇಲೆ ಅದನ್ನು ಹಿಡಿಯಲು ಕಲ್ಲೆಲ್ಲ ಕಿತ್ತು ತೆಗೆಯಬೇಕಾಗುತ್ತದೆ. ಲಯನ್‌ಫಿಶ್ ಹವಳ ಮುಟ್ಟುವುದಿಲ್ಲ, ಬಾಯಿಗೆ ಹಿಡಿಸುವ ಮೀನು, ಸೀಗಡಿ ಒಂದನ್ನೂ ಬಿಡುವುದಿಲ್ಲ. ಚಿಟ್ಟೆ ಮೀನುಗಳಲ್ಲಿ ಹಲವು ಹವಳವನ್ನೇ ತಿಂದು ಬದುಕುವಂಥವು.

ಮ್ಯಾಂಡರಿನ್ ಮೀನಿನ ವಿಷಯ ಬೇರೆ. ಅದು ಯಾರ ತಂಟೆಗೂ ಹೋಗುವುದಿಲ್ಲ. ಹೊಂದಾಣಿಕೆಯ ಪಟ್ಟಿಗಳಲ್ಲೆಲ್ಲ ಅದಕ್ಕೆ ಪೂರ್ಣ ಅಂಕ. ಆದರೆ ಅದು ಬೆಳಗಿಂದ ಸಂಜೆವರೆಗೆ ಕಲ್ಲಿನ ಮೇಲಿನ ಕೋಪಿಪಾಡ್ ಎಂಬ ಕಣದಷ್ಟು ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಅವು ಸಾಕಷ್ಟು ಇರುವುದೇ ಇಲ್ಲ. ಎಲ್ಲರೊಡನೆ ಸ್ನೇಹವಾಗಿಯೇ ಇದ್ದು ಹಸಿವಿನಿಂದ ಬಡಕಲಾಗಿ ಸಾಯುವ ಮೀನನ್ನು "ಹೊಂದುತ್ತದೆ" ಎಂದು ನಾನು ಹೇಳಲಾರೆ. ಸಮುದ್ರ ಕುದುರೆಯ ಮಾತಂತೂ ಎತ್ತಬೇಡಿ. ಅವುಗಳಿಗೂ ಗಟ್ಟಿ ಹವಳಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಆಯ್ಕೆಯಷ್ಟೇ ಮುಖ್ಯ ಹಾಕುವ ಸರದಿ. ಅಂಜುವ ಮೀನು ಮೊದಲು, ಗದರುವ ಮೀನು ಕೊನೆಗೆ. ನಮ್ಮಲ್ಲಿ ಗೋಬಿ ಮೊದಲು ಬಂತು, ಆಮೇಲೆ ಫೈರ್‌ಫಿಶ್, ಕಾರ್ಡಿನಲ್. ಕಲ್ಲಿನ ಮೇಲೆ ಪಾಚಿ ಕಟ್ಟಿದ ಮೇಲೆ, ಅದನ್ನೇ ಕೆರೆದು ತಿನ್ನುವ ಬ್ಲೆನಿ. ಕ್ಲೌನ್ ಜೋಡಿ ಎಲ್ಲಕ್ಕಿಂತ ಹಿಂದೆ. ತರುವ ಮುನ್ನ ಅಂಗಡಿಯವರಿಗೆ ಹೇಳಿ ಮೇವು ಹಾಕಿಸಿ. ನಿಮ್ಮ ಕಣ್ಣೆದುರು ತಿನ್ನದ ಮೀನಿಗೆ ದುಡ್ಡು ಕೊಡಬೇಡಿ. ಮನೆಗೆ ಬಂದದ್ದು ಕೆಲವು ವಾರ ಬೇರೆ ಟ್ಯಾಂಕಿನಲ್ಲೇ ಇರಲಿ. ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿ ಹವಳ, ಸೀಗಡಿಗಳನ್ನು ಕೊಲ್ಲುತ್ತದೆ, ಆದ್ದರಿಂದ ದೊಡ್ಡ ಟ್ಯಾಂಕಿಗೆ ರೋಗ ಬಂದ ಮೇಲೆ ಅಲ್ಲಿ ಔಷಧಿ ಹಾಕುವ ದಾರಿಯೇ ಇರುವುದಿಲ್ಲ.

ಇನ್ನು ನಮ್ಮೂರಿಗೇ ಸೇರಿದ ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಎಂಟನೇ ಒಂದು ಭಾಗ ಕಡಿಮೆ, ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಉಪ್ಪುನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿ ಮೊದಲೇ ಸಿಹಿನೀರಿಗಿಂತ ಕಡಿಮೆ. ಇದರ ಮೇಲೆ ಜುಲೈ ಮಳೆ. ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವಂತಿಲ್ಲ. ಪಂಪ್ ನಿಲ್ಲುತ್ತದೆ, 25 ಡಿಗ್ರಿ ಇರಬೇಕಾದ ನೀರು ತಣ್ಣಗಾಗುತ್ತಾ ಹೋಗುತ್ತದೆ. ಬ್ಯಾಟರಿಯ ಏರ್ ಪಂಪ್ ಹಚ್ಚಿ, ಟ್ಯಾಂಕಿಗೆ ಕಂಬಳಿ ಹೊದಿಸಿ ರಾತ್ರಿ ಕಳೆಯುವಾಗ ಒಳಗೆ ಇರುವುದು ಸಣ್ಣ ಸಣ್ಣ ಆರು ಮೀನು ಎಂಬುದೇ ಧೈರ್ಯ. ಬೆಂಗಳೂರಿನವರು ಇದೇ ಅಳತೆಯ ಟ್ಯಾಂಕಿನಲ್ಲಿ ಹತ್ತು ಮೀನು ಇಟ್ಟಿರಬಹುದು. ಕೊಡಗಿನಲ್ಲಿ ಮೀನಿನ ಸಂಖ್ಯೆಯನ್ನು ಕರೆಂಟಿಲ್ಲದ ರಾತ್ರಿಯ ಲೆಕ್ಕದಲ್ಲಿ ನಿರ್ಧರಿಸಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮ ಟ್ಯಾಂಕಿನ ಮೇಲ್ಮಟ್ಟ ಮಾತ್ರ ಇನ್ನೂ ಖಾಲಿ. ಅಲ್ಲಿಗೆ ಒಂದು ಫೇರಿ ರಾಸ್ ಮೀನು ತರುವ ಆಸೆ ಇದೆ: ಹವಳ ಮುಟ್ಟದು, ಬಿಲಕ್ಕೆ ಜಗಳವಾಡದು, ತೆರೆದ ನೀರಿನಲ್ಲಿ ಓಡಾಡಿಕೊಂಡಿರುತ್ತದೆ. ಫೈರ್‌ಫಿಶ್‌ನ ಹಾಗೆಯೇ ಇದೂ ಬೆದರಿದರೆ ಹೊರಗೆ ಹಾರುವ ಮೀನು, ಆದರೆ ಮೇಲೆ ಬಲೆಯ ಮುಚ್ಚಳ ಈಗಾಗಲೇ ಇದೆ. ಪುತ್ತರಿ ಹಬ್ಬ ಕಳೆದು, ಕರೆಂಟ್ ಹೋಗಿಬಂದು ಮಾಡುವುದು ತಪ್ಪಿದ ಮೇಲೆ ತರುತ್ತೇನೆ.