ಧರೆಯ ಒರತೆ, ಪಂಚಾಂಗದ ಒಸರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗುಡ್ಡ ಕಡಿದು ಕಟ್ಟಿದ ಮನೆಗಳಲ್ಲಿ ಜುಲೈ ಮುಗಿಯುವ ಹೊತ್ತಿಗೆ ಒಂದೇ ದೂರು. ಹಿಂದಿನ ಕೋಣೆಯ ಗೋಡೆ ಎರಡು ಮೂರು ಅಡಿ ಎತ್ತರದವರೆಗೆ ಒದ್ದೆ, ನೆಲ ಗೋಡೆ ಕೂಡುವ ಮೂಲೆಯಲ್ಲಿ ನೀರು ಒಸರುತ್ತದೆ. ಎಲ್ಲರೂ ಮೊದಲು ಮಾಡುವುದು ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿಯುವುದು. ಹಿಂದಿನಿಂದ ನೀರು ಒತ್ತುತ್ತಿರುವಾಗ ಯಾವ ಬಣ್ಣವೂ ನಿಲ್ಲದು, ಹೊಪ್ಪಳೆ ಎದ್ದು ಉದುರುತ್ತದೆ. ಒಳಗೋಡೆಗೆ ಕೈ ಹಾಕುವುದು ಕೊನೆಯ ಕೆಲಸ. ಮೊದಲು ಹೊರಗಿನ ನೀರಿಗೆ ದಾರಿ ಮಾಡಿ.

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಹೊತ್ತೇ ಹೇಳುತ್ತದೆ. ಮಳೆ ಹೊಡೆದ ಅರ್ಧ ಗಂಟೆಯಲ್ಲಿ ಒದ್ದೆಯಾದರೆ ಅದು ಸೂರಿನ ನೀರು. ಮಳೆ ನಿಂತು ಮೂರ್ನಾಲ್ಕು ದಿನವಾದರೂ ಒಸರುತ್ತಿದ್ದರೆ ಧರೆಯ, ಅಂದರೆ ಮನೆಯ ಹಿಂದೆ ಕಡಿದು ನಿಲ್ಲಿಸಿದ ಗುಡ್ಡದ, ಒರತೆ. ಏಪ್ರಿಲ್‌ನಲ್ಲೂ ಒದ್ದೆಯಿದ್ದರೆ ಪೈಪನ್ನೋ ಶೌಚದ ಗುಂಡಿಯನ್ನೋ ನೋಡಿ. ಮಳೆ ಶುರುವಾದಾಗ ಟೈಲ್ಸ್ ನೆಲ ಬೆವರುವುದೂ ಉಂಟು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಮೇಲಿದ್ದರೆ ಗಾಳಿಯ ತೇವ, ಅಡಿಯಲ್ಲಿದ್ದರೆ ನೆಲದ್ದು.

ಸೂರಿನ ನೀರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1000 ಚದರ ಅಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 9,300 ಲೀಟರ್. ಅಷ್ಟೂ ಪಂಚಾಂಗದ (ಮನೆಯ ಅಡಿಪಾಯದ) ಬುಡಕ್ಕೇ ಬಿದ್ದರೆ ಬೇರೆ ಶತ್ರು ಬೇಡ. ಸೂರಿನಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ, ಪೈಪಿನಲ್ಲಿ ಕನಿಷ್ಠ ಹತ್ತಡಿ ಆಚೆ ಬಿಡಿ.

ಇನ್ನು ಧರೆ. ನಮ್ಮಲ್ಲಿ ಮೇಲೆ ಜಂಬಿಟ್ಟಿಗೆ (ಚಿರೆಕಲ್ಲು), ಅದರ ಕೆಳಗೆ ಬಿಳಿ ಅಥವಾ ಗುಲಾಬಿ ಬಣ್ಣದ ಶೇಡಿ ಮಣ್ಣು. ಜಂಬಿಟ್ಟಿಗೆಯ ತೂತುಗಳಲ್ಲಿ ಸಲೀಸಾಗಿ ಇಳಿದ ನೀರು ಶೇಡಿಗೆ ಬಂದು ತಡೆದು ಅಡ್ಡಕ್ಕೆ ಹರಿಯುತ್ತದೆ. ಕಡಿದ ಧರೆಯಲ್ಲಿ ಎರಡೂ ಕೂಡುವ ಗೆರೆಯನ್ನು ಗಮನಿಸಿ: ಪಾಚಿ, ಜರಿಗಿಡ ಅಲ್ಲೇ ಸಾಲಾಗಿ ಬೆಳೆದಿರುತ್ತವೆ. ಆ ಗೆರೆ ಮನೆಯ ನೆಲಕ್ಕಿಂತ ಮೇಲಿದ್ದರೆ ನೀರು ಪಂಚಾಂಗಕ್ಕೇ ಬರುವುದು.

ಅಡಿಕೆ ತೋಟಕ್ಕೆ ಬಸಿಗಾಲುವೆ ಇದ್ದಂತೆ ಮನೆಗೂ ಒಂದು ಬೇಕು. ಗೋಡೆಯಿಂದ ಮೂರಡಿ ಬಿಟ್ಟು, ಒಂದೂವರೆ ಅಡಿ ಅಗಲಕ್ಕೆ, ಒಳಗಿನ ನೆಲಮಟ್ಟಕ್ಕಿಂತ ಕನಿಷ್ಠ ಒಂದಡಿ ಆಳಕ್ಕೆ ಅಗೆಯಿರಿ. ಪಂಚಾಂಗದ ತಳಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ. 30 ಅಡಿ ಉದ್ದಕ್ಕೆ ನಾಲ್ಕು ಇಂಚು ಇಳಿಜಾರು ಸಾಕು. ತಳಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೂರಿಂಚು ದಪ್ಪಕ್ಕೆ ಜಲ್ಲಿ, ಅದರ ಮೇಲೆ ತೂತು ಕೊರೆದ ನಾಲ್ಕಿಂಚಿನ ಪಿವಿಸಿ ಪೈಪು. ತೂತು ಕೆಳಮುಖವಾಗಿರಲಿ, ಮೇಲ್ಮುಖವಾದರೆ ನೀರು ಪೈಪಿನೆತ್ತರಕ್ಕೆ ಏರುವವರೆಗೂ ಒಳಗೆ ಬಾರದು. ಮತ್ತೆ ಜಲ್ಲಿ ತುಂಬಿ ಬಟ್ಟೆ ಮಡಚಿ, ಮೇಲಿನ ಅರ್ಧ ಅಡಿಗೆ ಜಿಗುಟು ಮಣ್ಣು ಬಡಿಯಿರಿ. 30 ಅಡಿಗೆ, ಎರಡೂವರೆ ಅಡಿ ಆಳದ ಜಲ್ಲಿ ಲೆಕ್ಕದಲ್ಲಿ, ಸುಮಾರು 110 ಘನ ಅಡಿ 20 ಎಂ.ಎಂ. ಕರಿಕಲ್ಲು ಜಲ್ಲಿ ಬೇಕು. ಚಿರೆಕಲ್ಲಿನ ಚೂರು ಹಾಕಿದರೆ ಕರಗಿ ಕೆಸರಾಗಿ ಕಟ್ಟಿಕೊಳ್ಳುತ್ತದೆ. ಮೇಲಿನ ತುದಿಯಲ್ಲಿ ಒಂದು ನೆಟ್ಟನೆ ಪೈಪು ಬಿಟ್ಟು ಮುಚ್ಚಳ ಹಾಕಿ, ಮುಂದೆ ಹೂಳು ತೊಳೆಯಲು ಅದೇ ದಾರಿ.

ಮಳೆಗಾಲದಲ್ಲಿ ಧರೆಯ ಬುಡ ಅಗೆಯಲೇಬೇಡಿ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನ ಗುಡ್ಡ ಕುಸಿತ: ನೀರು ಕುಡಿದ ಗುಡ್ಡ ಏನು ಮಾಡುತ್ತದೆಂದು ನಮ್ಮ ಉತ್ತರ ಕನ್ನಡ ಜಿಲ್ಲೆ ಕಂಡಿದೆ. ಜನವರಿಯ ನಂತರ, ಎಂಟ್ಹತ್ತು ಅಡಿಯ ತುಂಡುಗಳಲ್ಲಿ ಅಗೆದು, ತುಂಬಿ, ಮುಂದೆ ಸಾಗಿ. ಧರೆಗೆ ಕಲ್ಲಿನ ಗೋಡೆ ಕಟ್ಟಿದ್ದರೆ ನಾಲ್ಕೈದು ಅಡಿಗೊಂದರಂತೆ ಮೂರಿಂಚಿನ ಪೈಪು ಹೊರಕ್ಕೆ ಇಳಿಜಾರಾಗಿ ಇರಲೇಬೇಕು.

ಕಾರವಾರ, ಅಂಕೋಲಾದ ಸಮತಟ್ಟಿನಲ್ಲಿ ತೊಂದರೆ ಬೇರೆ. ಅಂಗಳಕ್ಕೆ ಮಣ್ಣು ಹಾಕಿ, ಅದರ ಮೇಲೆ ಇಂಟರ್‌ಲಾಕ್ ಹಾಸಿ ಪಂಚಾಂಗವನ್ನೇ ಹೂತುಬಿಡುತ್ತಾರೆ. ತೇವ ತಡೆಯುವ ಡಿಪಿಸಿ ಪಟ್ಟಿಗಿಂತ ಅಂಗಳ ಅರ್ಧ ಅಡಿ ಕೆಳಗಿರಬೇಕು; ಮೇಲೇರಿದರೆ ಪಟ್ಟಿ ಇದ್ದೂ ಇಲ್ಲದಂತೆ. ಹೊಸ ಮನೆಯಾದರೆ ಎರಡಿಂಚು ದಪ್ಪದ 1:1.5:3 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಪಟ್ಟಿ, ಅದರ ಮೇಲೆ ಬಿಸಿ ಡಾಂಬರು. ಅಳಿವೆಯ ಉಪ್ಪು ಮರಳು ಬಳಸಿದ ಗಾರೆಗೆ ಪೂರ್ತಿ ಮದ್ದಿಲ್ಲ, ಉಪ್ಪು ಗಾಳಿಯ ತೇವವನ್ನೂ ಎಳೆಯುತ್ತದೆ. ಹಳೇ ಗೋಡೆಗೆ ನೀರು ಮೇಲೇರದಂತೆ ತಡೆಯುವ ಸಿಲೇನ್ ಕ್ರೀಮ್ ತುಂಬಿಸುವುದಾದರೆ ಐದಿಂಚಿಗೊಂದು ತೂತು, ಅದೂ ಕಲ್ಲಿಗಲ್ಲ, ಗಾರೆಯ ಸಂದಿಗೆ. ಚಿರೆಕಲ್ಲಿನ ಪೊಟರೆಗಳಲ್ಲಿ ಕ್ರೀಮ್ ಎತ್ತಲೋ ಹೋಗುತ್ತದೆ.

ಹೊರಗಿನದು ಮುಗಿದ ಮೇಲೆ ಒಳಗೆ ಬನ್ನಿ. ಒದ್ದೆ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಗಿಲಾವು ಕಿತ್ತು, ಸಂದಿಗಳನ್ನು ಮುಕ್ಕಾಲು ಇಂಚು ಕೆರೆದು ತೆಗೆಯಿರಿ. ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ನವೆಂಬರ್‌ನಲ್ಲಿ ಕಿತ್ತರೆ ಮಾರ್ಚ್‌ವರೆಗೂ ಹಾಗೇ ಒಣಗಲಿ. ನೆಲ ಗೋಡೆ ಕೂಡುವ ಮೂಲೆಯಲ್ಲಿ ಒಂದಿಂಚಿನ ತೋಡು ಕೊರೆದು, ಎಸ್‌ಬಿಆರ್ ಎಂಬ ರಬ್ಬರ್ ದ್ರಾವಣ ಬೆರೆಸಿದ 1:3 ಸಿಮೆಂಟ್-ಮರಳು ಗಾರೆ ತುಂಬಿ. ನೀರು ಇನ್ನೂ ಜಿನುಗುತ್ತಿದ್ದರೆ ಬೇಗ ಗಟ್ಟಿಯಾಗುವ ಪ್ಲಗ್ ಸಿಮೆಂಟನ್ನು ಮೂರ್ನಾಲ್ಕು ನಿಮಿಷ ಅಂಗೈಯಲ್ಲಿ ಒತ್ತಿ ಹಿಡಿಯಿರಿ, ಕೈಗವಸು ಹಾಕಿಕೊಂಡು. ಗೋಡೆಗೆ ಸುಣ್ಣದ ಗಿಲಾವೇ ಒಳ್ಳೆಯದು, ಉಳಿದ ತೇವ ಅದರ ಮೂಲಕ ಹೊರಬರುತ್ತದೆ. ಬಣ್ಣ ಒಂದು ಮಳೆಗಾಲ ಕಳೆದ ಮೇಲೆ.